ಹುಬ್ಬಳ್ಳಿ-ಧಾರವಾಡದ ಸುಂಕ: ಕಲ್ಲುಶಾಸನದಿಂದ ಕೊರಿಯರ್ ಚೀಟಿಯವರೆಗೆ

ಹೊರಗಿನಿಂದ ಬರುವ ಮಾಲಿನ ಮೇಲೆ ಸುಂಕ ಎತ್ತುವ ಪದ್ಧತಿ ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಏನಿಲ್ಲವೆಂದರೂ ಸಾವಿರ ವರ್ಷ ಹಳೆಯದು. ಘಟ್ಟದ ಕೆಳಗಿನ ಬಂದರುಗಳಿಗೂ ಮೇಲಿನ ಬಯಲುಸೀಮೆಗೂ ನಡುವೆ ಕುಳಿತ ಈ ಊರುಗಳನ್ನು ಹಾದು ಮೆಣಸು, ಉಪ್ಪು, ಅರಿವೆ, ಹತ್ತಿ, ಗಡಿಯಾರ, ಪುಸ್ತಕ ಎಲ್ಲವೂ ಹೋಗಿವೆ, ಬಂದಿವೆ. ಹಾದುಹೋದ ಹೇರಿನಿಂದ ಯಾರಾದರೊಬ್ಬರು ತಮ್ಮ ಪಾಲು ಇಳಿಸಿಕೊಂಡಿದ್ದಾರೆ. ರಾಜ್ಯಗಳು ಬದಲಾದಂತೆ ದರ ಏರಿಳಿದಿದೆ. ಅದಕ್ಕಿಂತ ಹೆಚ್ಚಾಗಿ ಬದಲಾದದ್ದು ವಸೂಲಿಯ ಜಾಗ, ಮತ್ತು ಕೊಡುವವನಿಗೆ ಮೊತ್ತ ಮೊದಲೇ ಗೊತ್ತಿರುತ್ತಿತ್ತೇ ಇಲ್ಲವೇ ಎಂಬುದು.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ಕಿರುಕುಳ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಜ್ಜುಂಕ ದೊಡ್ಡ ಬಾಬತ್ತುಗಳದು, ಕಿರುಕುಳ ಸಣ್ಣಪುಟ್ಟವುಗಳದು. ಇವನ್ನು ನೋಡಿಕೊಳ್ಳಲು ಸುಂಕವೆರ್ಗಡೆಗಳಿದ್ದರು. ಅವರ ಮೇಲೆ ದಂಡನಾಯಕರ ದರ್ಜೆಯ ಅಧಿಕಾರಿಗಳಿದ್ದರು. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಹಾನುಂಗಲ್ ಐನೂರು, ಪಲಸಿಗೆ ಹನ್ನೆರಡು ಸಾವಿರ ಎಂಬ ನಾಡುಗಳಾಗಿ ಹಂಚಿಹೋಗಿದ್ದ ಈ ಪ್ರದೇಶದಲ್ಲಿ ಲೆಕ್ಕ ನಡೆಯುತ್ತಿದ್ದುದು ಹೇರಿನ ಮೇಲೆ. ಎತ್ತಿನ ಹೇರು, ಕತ್ತೆಯ ಹೇರು, ಬಂಡಿ, ತಲೆಹೊರೆ ಒಂದೊಂದಕ್ಕೂ ಇಷ್ಟಿಷ್ಟು ಪಣ, ಹಾಗ, ವೀಸ. ಈ ವಿವರಗಳೆಲ್ಲ ಇಂದು ತಿಳಿದಿರುವುದಕ್ಕೆ ಕಾರಣವೂ ಸ್ವಾರಸ್ಯಕರ. ಅರಸರಾಗಲಿ ಅಧಿಕಾರಿಗಳಾಗಲಿ ಸುಂಕ ಹೇರಿದ್ದನ್ನು ಕಲ್ಲಿಗೆ ಹಾಕಿಸಿದ್ದು ಕಡಿಮೆ. ಅದನ್ನು ಗುಡಿಗೋ ಬಸದಿಗೋ ಬಿಟ್ಟುಕೊಟ್ಟಾಗ ಮಾತ್ರ ತಪ್ಪದೆ ಕೆತ್ತಿಸಿದರು. ಸುಂಕದ ಇತಿಹಾಸ ಉಳಿದುಬಂದಿರುವುದು ಹೆಚ್ಚಾಗಿ ದಾನದ ಲೆಕ್ಕದಲ್ಲಿ.

1204ರ ಬೆಳಗಾವಿ ಶಾಸನ ಇದಕ್ಕೆ ಒಳ್ಳೆಯ ಉದಾಹರಣೆ. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ ವೇಣುಗ್ರಾಮದ ಅಂದರೆ ಬೆಳಗಾವಿಯ ವರ್ತಕರು, ಅವರೊಂದಿಗೆ ಲಾಳದೇಶದ ಅಂದರೆ ಗುಜರಾತಿನ ಮತ್ತು ಮಲೆಯಾಳದ ವ್ಯಾಪಾರಿಗಳು ಸೇರಿ, ತಾವು ತರುವ ಸರಕಿನ ಮೇಲೆ ಬಸದಿಗೆಂದು ಆಯ ಗೊತ್ತುಮಾಡಿಕೊಂಡರು. ಪರದೇಶದ ವ್ಯಾಪಾರಿಯೂ ಆ ಒಪ್ಪಂದದ ಪಾಲುದಾರ. ಧಾರವಾಡದ ಪಕ್ಕದ ನರೇಂದ್ರದಲ್ಲಿ ಗೋವೆಯ ಕದಂಬ ಇಮ್ಮಡಿ ಜಯಕೇಶಿಯ ಕಾಲದ ಶಾಸನವಿದೆ; ಬಂದರನ್ನು ಆಳಿದ ಮನೆತನವೇ ಘಟ್ಟದ ಮೇಲಿನ ಈ ನಾಡನ್ನೂ ಆಳಿತು ಎಂಬುದಕ್ಕೆ ಅದು ಸಾಕ್ಷಿ. ಅದೇ ಮನೆತನದ ಮೊದಲ ಜಯಕೇಶಿ 11ನೇ ಶತಮಾನದಲ್ಲಿ ಅರಬ್ ಮೂಲದ ತನ್ನ ಅಧಿಕಾರಿ ಕಟ್ಟಿಸಿದ ಮಸೀದಿಯ ಖರ್ಚಿಗೆ, ಬೇರೆ ಬೇರೆ ನಾಡುಗಳಿಂದ ಬರುವ ದೋಣಿಗಳ ಸುಂಕವನ್ನು ಬಿಟ್ಟುಕೊಟ್ಟಿದ್ದ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೂ ಒಬ್ಬ. ಕಾಯಕದ ಪರಿಭಾಷೆಯನ್ನೇ ವಚನಕ್ಕೆ ತಂದ ಈತನನ್ನು ಬಿಟ್ಟರೆ ಕನ್ನಡದಲ್ಲಿ ಸುಂಕದವನಿಗೆ ಒಳ್ಳೆಯ ಹೆಸರಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂಬ ಗಾದೆ ಎಷ್ಟು ಹಳೆಯದೋ, ಇಂದಿಗೂ ಸವೆದಿಲ್ಲ.

ವಿಜಯನಗರದ ಕಾಲಕ್ಕೆ ಸುಂಕ ಮೂರು ತೆರನಾಗಿ ಖಚಿತಗೊಂಡಿತು: ಪೇಟೆಯಲ್ಲಿ ಮಾರುವ ಸರಕಿಗೆ ಸ್ಥಳಾದಾಯ, ದಾರಿಯಲ್ಲಿ ಹಾದುಹೋಗುವುದಕ್ಕೆ ಮಾರ್ಗಾದಾಯ, ಹೊರದೇಶಕ್ಕೆ ಹೋಗುವುದಕ್ಕೆ ಮಾಮೂಲಾದಾಯ. ವಸೂಲಿಯ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯೂ ಬೆಳೆಯಿತು. ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್ ಬರೆದಿಟ್ಟ ಪ್ರಕಾರ, ಒಂದು ಹೆಬ್ಬಾಗಿಲಿನ ಸುಂಕವೇ ವರ್ಷಕ್ಕೆ 12,000 ಪರ್ದಾವೊಗಳಿಗೆ ಗುತ್ತಿಗೆ ಹೋಗಿತ್ತು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಸ್ಥಳೀಯನೂ ಒಳಗೆ ಬರುವಂತಿರಲಿಲ್ಲ, ಪರದೇಶಿಯೂ ಬರುವಂತಿರಲಿಲ್ಲ. ದಿನಕ್ಕೆ ಎರಡು ಸಾವಿರ ಹೇರೆತ್ತುಗಳು ಆ ಬಾಗಿಲುಗಳನ್ನು ಹಾದು ಬರುತ್ತಿದ್ದವು, ಪ್ರತಿ ಎತ್ತಿಗೂ ಸುಂಕವಿತ್ತು. ಕೊಂಬಿಲ್ಲದ ಎತ್ತಿಗೆ ಮಾತ್ರ ಸಾಮ್ರಾಜ್ಯದ ಯಾವ ಮೂಲೆಯಲ್ಲೂ ಸುಂಕವಿರಲಿಲ್ಲ. ಈ ರಿಯಾಯಿತಿ ಯಾಕೆಂದು ನ್ಯೂನಿಜ್ ಹೇಳುವುದಿಲ್ಲ. ಸುಂಕದ ಪಟ್ಟಿಗಳಲ್ಲಿ ಇಂಥ ವಿಚಿತ್ರ ವಿನಾಯಿತಿಗಳು ಯಾವ ಕಾಲದಲ್ಲೂ ಇದ್ದೇ ಇರುತ್ತವೆ.

17ನೇ ಶತಮಾನದಲ್ಲಿ ಹುಬ್ಬಳ್ಳಿ ಘಟ್ಟದ ಮೇಲಿನ ದೊಡ್ಡ ಅರಿವೆ ಪೇಟೆ. ಕಾರವಾರದಲ್ಲಿ ಕೋಠಿ ಇಟ್ಟುಕೊಂಡಿದ್ದ ಇಂಗ್ಲಿಷರು ಬಟ್ಟೆ ಕೊಳ್ಳಲು ಇಲ್ಲಿಯೂ ಮಳಿಗೆ ತೆರೆದಿದ್ದರು. 1673ರಲ್ಲಿ ಶಿವಾಜಿಯ ಸೇನೆ ಅಣ್ಣಾಜಿ ದತ್ತೋನ ನೇತೃತ್ವದಲ್ಲಿ ಹುಬ್ಬಳ್ಳಿಯನ್ನು ಸೂರೆಮಾಡಿದಾಗ ಆ ಮಳಿಗೆಯೂ ಉಳಿಯಲಿಲ್ಲ. ಅವರ ಈಸ್ಟ್ ಇಂಡಿಯಾ ಕಂಪನಿ ಪರಿಹಾರಕ್ಕಾಗಿ ಪಟ್ಟುಹಿಡಿಯಿತು. ಮರುವರ್ಷ ಶಿವಾಜಿಯ ಪಟ್ಟಾಭಿಷೇಕದ ಹೊತ್ತಿಗೆ ಕಂಪನಿಯ ದೂತನಾಗಿ ರಾಯಗಡಕ್ಕೆ ಹೋದ ಹೆನ್ರಿ ಆಕ್ಸೆಂಡನ್‌ನ ಸಂಧಾನದಲ್ಲಿ ಲೂಟಿಯ ಲೆಕ್ಕದ ಜೊತೆಗೇ ಸುಂಕದ ಮಾತೂ ನಡೆದು, ಮರಾಠರ ಬಂದರುಗಳಲ್ಲಿ ಇಂಗ್ಲಿಷರು ಶೇ. 2.5ರಷ್ಟು ಆಮದು ಸುಂಕ ಕೊಡಬೇಕೆಂದು ಗೊತ್ತಾಯಿತು. ದರ ಇಷ್ಟೇ ಎಂದು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುವುದಕ್ಕೆ ಕಂಪನಿಯ ವ್ಯಾಪಾರಿಗಳು ಕೊಡುತ್ತಿದ್ದ ಬೆಲೆ ದೊಡ್ಡದು, ಅದಕ್ಕೆ ತಕ್ಕ ಕಾರಣವೂ ಇತ್ತು.

ಸವಣೂರಿನ ನವಾಬ ಮಜೀದ್ ಖಾನನ ಕಾಲದಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟಿ ಎಂಬ ವರ್ತಕ ಕೋಟೆ ಸಹಿತ ಹೊಸ ಹುಬ್ಬಳ್ಳಿ ಕಟ್ಟಿದ. ಇಂದಿನ ದುರ್ಗದಬೈಲಿನ ಪೇಟೆ ಬೆಳೆದದ್ದು ಅದರ ಸುತ್ತ. ಪೇಶ್ವೆಯರ ಕಾಲಕ್ಕೆ ಊರಿನ ಬಾಯಲ್ಲಿ ಸುಂಕ ಹೋಗಿ ಜಕಾತಿ ನಿಂತಿತು. ಜಕಾತಿಯ ತೊಂದರೆ ದರದಲ್ಲಿರಲಿಲ್ಲ, ಎಣಿಕೆಯಲ್ಲಿತ್ತು. ಸರಕಾರದ್ದು ಒಂದು ಕಟ್ಟೆ, ಜಹಗೀರದಾರನದು ಇನ್ನೊಂದು, ಇನಾಂದಾರನ ಹಕ್ಕು ಮತ್ತೊಂದು. ಕಟ್ಟೆಗೆ ಕಟ್ಟೆ ಗುತ್ತಿಗೆದಾರ ಬೇರೆ. ಕರಾವಳಿಯಿಂದ ಉಪ್ಪು ಹೇರಿಕೊಂಡು ಬರುವ ಲಂಬಾಣಿ ಎತ್ತುಗಳ ತಾಂಡೆಗೆ ಹೊರಡುವಾಗ ಒಟ್ಟು ಖರ್ಚು ಎಷ್ಟಾದೀತೆಂದು ಹೇಳುವುದು ಸಾಧ್ಯವೇ ಇರಲಿಲ್ಲ. ಅನಿರೀಕ್ಷಿತ ಸುಂಕ ಎಂಬುದು ಇಂದಿನ ಪಾರ್ಸಲ್ಲಿನ ತಕರಾರು ಎಂದು ತಿಳಿಯುವವರು ಆ ಕಾಲವನ್ನು ನೋಡಬೇಕು.

1817ರಲ್ಲಿ ಹಳೇ ಹುಬ್ಬಳ್ಳಿಯೂ 1820ರಲ್ಲಿ ಹೊಸ ಹುಬ್ಬಳ್ಳಿಯೂ ಬ್ರಿಟಿಷರ ಕೈಗೆ ಬಂದವು. ಅವರೂ ಎರಡು ದಶಕ ಜಕಾತಿಯನ್ನು ಗುತ್ತಿಗೆಯಲ್ಲೇ ನಡೆಸಿದರು. ಮುಂಬಯಿ ಇಲಾಖೆಯ ಒಳನಾಡ ಸುಂಕಗಳು ರದ್ದಾದದ್ದು 1838ರ ಮೊದಲನೆಯ ಕಾಯ್ದೆಯಿಂದ. ಬೊಕ್ಕಸದ ನಷ್ಟ ತುಂಬಲು ಬಂದರಿನ ಸುಂಕವನ್ನೂ ಉಪ್ಪಿನ ತೆರಿಗೆಯನ್ನೂ ನೆಚ್ಚಿಕೊಂಡರು. ಉಪ್ಪಿಗೆ 1837ರಲ್ಲಿ ಮಣಕ್ಕೆ ಎಂಟಾಣೆ ಇದ್ದದ್ದು 1844ರಲ್ಲಿ ಒಂದು ರೂಪಾಯಿಗೆ ಏರಿತು. ಸೂರತ್ತಿನಲ್ಲಿ ಆಗ ದೊಂಬಿಯೇ ಎದ್ದಿತು. ಧಾರವಾಡದ ಹತ್ತಿ ತುಂಬಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದ ಚಕ್ಕಡಿಗಳು ಮರಳುವಾಗ ಸಾಣಿಕಟ್ಟೆಯ ಉಪ್ಪು ತರುತ್ತಿದ್ದವು. ದಾರಿಯಲ್ಲಿ ಇನ್ನು ಯಾರೂ ತಡೆಯುತ್ತಿರಲಿಲ್ಲ. ತೆರಿಗೆ ಉಪ್ಪಿನ ಬೆಲೆಯಲ್ಲೇ ಅಡಗಿತ್ತು. ಕಣ್ಣಿಗೆ ಕಾಣುವ ಕಟ್ಟೆಯನ್ನು ತೆಗೆದು ಬೆಲೆಯೊಳಗೆ ತೆರಿಗೆ ಬಚ್ಚಿಡುವ ಆಡಳಿತದ ಜಾಣತನ ಈ ಭಾಗಕ್ಕೆ ಬಂದದ್ದು ಹೀಗೆ.

ಆದರೆ ಭೂಪಟದ ಮೇಲೆ ಹುಬ್ಬಳ್ಳಿಯ ಸುತ್ತ ಗಡಿಗಳು ಉಳಿದೇ ಇದ್ದವು. ಮೂಡಣಕ್ಕೆ ಕೊಪ್ಪಳ, ಯಲಬುರ್ಗಾ ನಿಜಾಮನವು. ಅಲ್ಲಿ ಕರೋಡಗಿರಿ ಇಲಾಖೆ ಒಳಬರುವ ಮಾಲಿಗೆ ತನ್ನದೇ ಸುಂಕ ಎತ್ತುತ್ತಿತ್ತು. ತೆಂಕಣಕ್ಕೆ ಮೈಸೂರು. ಮಗ್ಗುಲಲ್ಲೇ ಇದ್ದ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಪಡುವಣಕ್ಕೆ ಪೋರ್ಚುಗೀಸರ ಗೋವಾ. ಇವುಗಳಲ್ಲಿ ಹೊರದೇಶದ ಮಾಲಿನ ಮಟ್ಟಿಗೆ ಮುಖ್ಯವಾದದ್ದು ಕೊನೆಯದು.

1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದ 1880ರ ಜನವರಿಯಿಂದ 12 ವರ್ಷಗಳ ಕಾಲ ಗೋವಾದ ಗಡಿಯ ಸುಂಕವನ್ನು ತೆಗೆದುಹಾಕಿತು. ಗೋವಾದ ಉಪ್ಪಿನ ತಯಾರಿಕೆಯ ಮೇಲೆ ಬ್ರಿಟಿಷರಿಗೆ ಹಿಡಿತ ಸಿಕ್ಕಿತು. ಅದಕ್ಕೆ ಬದಲಾಗಿ ಪೋರ್ಚುಗೀಸರಿಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ. ಮುರ್ಮುಗೋವಾ ಬಂದರಿನಿಂದ ಘಟ್ಟ ಹತ್ತುವ ರೈಲೂ ಇದೇ ಒಪ್ಪಂದದ ಫಲ. ಕ್ಯಾಸಲ್‌ರಾಕ್‌ನಲ್ಲಿ ಅದು ಸದರ್ನ್ ಮರಾಠಾ ರೈಲ್ವೆಯನ್ನು ಕೂಡಿತು. ಹುಬ್ಬಳ್ಳಿಗೆ ಸಮುದ್ರ ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು. ಹೊಸ ರೈಲು ನೆಲೆಗೊಳ್ಳುವಷ್ಟರಲ್ಲೇ 1892ರ ಜನವರಿಯಲ್ಲಿ ಒಪ್ಪಂದ ಮುಗಿದುಹೋಯಿತು, ನವೀಕರಣವಾಗಲಿಲ್ಲ. ಗಡಿಯಲ್ಲಿ ಸುಂಕದ ಸಾಲು ಮತ್ತೆ ಎದ್ದಿತು. ಘಟ್ಟದ ಮೇಲೆ ಕ್ಯಾಸಲ್‌ರಾಕ್, ಕೆಳಗೆ ಕೊಲ್ಲೆಂ. ಎರಡು ಸರಕಾರಗಳ ಎರಡು ತಪಾಸಣೆ. ಗಂಟು ಬಿಚ್ಚಿಸಿ, ಪೆಟ್ಟಿಗೆ ತೆರೆಸಿ, ದರಪಟ್ಟಿ ನೋಡಿ, ಹಣ ಎಣಿಸಿಕೊಂಡ ಮೇಲೆಯೇ ಪ್ರಯಾಣಿಕನ ರೈಲು ಮುಂದಕ್ಕೆ ಹೊರಡುತ್ತಿತ್ತು.

ಸ್ವಾತಂತ್ರ್ಯದ ನಂತರ ಈ ಗಡಿಯ ಬಿಸಿ ಏರಿತು. ಭಾರತ ಆಮದಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಗೋವಾದಲ್ಲಿ ಅಂಥ ನಿರ್ಬಂಧ ಇರಲಿಲ್ಲ. ಬೆಲೆಯ ವ್ಯತ್ಯಾಸ ಇರುವ ಕಡೆ ಕಳ್ಳಸಾಗಣೆ ಹುಟ್ಟದೆ ಇರುವುದಿಲ್ಲ: ಗೋವಾಕ್ಕೆ ಬಂದಿಳಿದ ಬಂಗಾರ, ಸ್ವಿಸ್ ಗಡಿಯಾರ, ಮದ್ಯ ಕಾಡುದಾರಿಯಲ್ಲಿ ಘಟ್ಟ ಹತ್ತಿದವು. 1955ರಲ್ಲಿ ರೈಲು ಸಂಪರ್ಕವೇ ಕಡಿದುಹೋಯಿತು. 1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿದ ಮೇಲೆ ಕ್ಯಾಸಲ್‌ರಾಕ್ ಅಂತರರಾಷ್ಟ್ರೀಯ ಗಡಿಯ ನಿಲ್ದಾಣವಾಗಿ ಉಳಿಯಲಿಲ್ಲ.

ಊರಿನವರಿಗೆ ದಿನನಿತ್ಯ ತಟ್ಟುತ್ತಿದ್ದ ಸುಂಕ ಬೇರೆ: ಪುರಸಭೆಯ ಆಕ್ಟ್ರಾಯ್. ಹುಬ್ಬಳ್ಳಿಯ ಪುರಸಭೆ 1855ರಲ್ಲಿ, ಧಾರವಾಡದ್ದು 1856ರಲ್ಲಿ ಹುಟ್ಟಿದವು. ಮುಂಬಯಿ ಇಲಾಖೆಯ ಪುರಸಭೆಗಳು ದೀಪ, ನೀರು, ಚರಂಡಿಗಳ ಖರ್ಚಿಗೆ ನೆಚ್ಚಿದ್ದು ಊರೊಳಗೆ ಬಳಕೆಗೆ ಬರುವ ಮಾಲಿನ ಮೇಲಿನ ಈ ಸುಂಕವನ್ನೇ. ಒಳನಾಡ ಸುಂಕವನ್ನು 1838ರಲ್ಲಿ ಒಂದು ಕೈಯಿಂದ ತೆಗೆದ ಸರಕಾರ ಕೆಲವೇ ದಶಕಗಳಲ್ಲಿ ಅದನ್ನು ಇನ್ನೊಂದು ಕೈಗೆ ಕೊಟ್ಟಂತಾಯಿತು. ಜನ ಹೊಸ ಹೆಸರಿಗೆ ಒಗ್ಗಲಿಲ್ಲ. ಅವರ ಬಾಯಲ್ಲಿ ಅದು ಜಕಾತಿಯಾಗಿಯೇ ಉಳಿಯಿತು, ವಸೂಲು ಮಾಡುವ ಜಾಗ ನಾಕಾ ಆಯಿತು. ವಸೂಲಿಕಟ್ಟೆಗಳ ಆ ಕಾಲದ ನೆನಪನ್ನು ಧಾರವಾಡದ ಟೋಲ್ ನಾಕಾ ಇಂದಿಗೂ ಹೆಸರಿನಲ್ಲಿ ಹೊತ್ತಿದೆ.

ನಾಕಾದ ಕೆಲಸಕ್ಕೆ ಒಂದು ಕ್ರಮವಿತ್ತು. ಕಾಳುಕಡಿಗೆ ತೂಕದ ಮೇಲೆ, ಅರಿವೆ ಮತ್ತು ಕಿರಾಣಿಗೆ ಬೆಲೆಯ ಮೇಲೆ, ದನಕರುಗಳಿಗೆ ಎಣಿಕೆಯ ಮೇಲೆ ಜಕಾತಿ. ಕಾರಕೂನ ಬೀಜಕ ನೋಡುತ್ತಿದ್ದ; ಬೀಜಕ ನಂಬಿಕೆಗೆ ಬರದಿದ್ದರೆ ತಾನೇ ಬೆಲೆ ಕಟ್ಟುತ್ತಿದ್ದ. ಊರಲ್ಲಿ ಇಳಿಯದೆ ಮುಂದಕ್ಕೆ ಹೋಗುವ ಮಾಲಿಗೆ ಪಾಸು ಕೊಡುವುದು ಅಥವಾ ಠೇವಣಿ ಇಡಿಸಿಕೊಳ್ಳುವುದು, ಆಚೆಯ ನಾಕಾದಲ್ಲಿ ಪಾವತಿ ತೋರಿಸಿದರೆ ಹಣ ವಾಪಸು. ಕಾಯ್ದೆಯ ಪುಸ್ತಕದಲ್ಲಿ ಇದು ಸರಳ. ರಾತ್ರಿ ಎರಡು ಗಂಟೆಗೆ ಸಾಲಾಗಿ ನಿಂತ ಲಾರಿಗಳ ನಡುವೆ ಅಷ್ಟು ಸರಳವಾಗಿರಲಿಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಹುಬ್ಬಳ್ಳಿ ಲಾರಿ ಸಾಗಣೆಯ ಕೇಂದ್ರವಾಗುತ್ತಾ ಹೋದಂತೆ ಈ ತಡೆಯ ಬೆಲೆ ಮಾಲಿನ ಬೆಲೆಗೆ ಸೇರತೊಡಗಿತು. 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಾಗುವವರೆಗೆ ಹುಬ್ಬಳ್ಳಿ, ಧಾರವಾಡಗಳ ಗಡಿಯೂ ಬೇರೆ, ತಿಜೋರಿಯೂ ಬೇರೆ. ಒಂದರ ರೈಲು ನಿಲ್ದಾಣದಲ್ಲಿ ಇಳಿದ ಮಾಲು ಸುಮಾರು 20 ಕಿಲೋಮೀಟರು ದೂರದ ಇನ್ನೊಂದಕ್ಕೆ ಹೋಗುವಾಗ ಹೊರಗಿನ ಮಾಲೇ ಆಗಿತ್ತು.

1960ರ ದಶಕದಲ್ಲಿ ರಸ್ತೆ ಸಾಗಣೆ ತೆರಿಗೆಗಳನ್ನು ಪರಿಶೀಲಿಸಿದ ಕೇಸ್ಕರ್ ಸಮಿತಿ ಆಕ್ಟ್ರಾಯ್ ರದ್ದಾಗಬೇಕೆಂದಿತು. ಕರ್ನಾಟಕ ಅದನ್ನು 1979ರ ಏಪ್ರಿಲ್ 1ರಿಂದ ಕೈಬಿಟ್ಟಿತು. ಬದಲಿಗೆ ರಾಜ್ಯ ಸರಕಾರವೇ ಎತ್ತುವ ಪ್ರವೇಶ ತೆರಿಗೆ ಬಂತು. ನಾಕಾಗಳು ಖಾಲಿಯಾದವು, ಲಾರಿಗಳು ನಿಲ್ಲದೆ ಓಡಿದವು. ಪಾಲಿಕೆ ಮಾತ್ರ ತನ್ನ ಸ್ವಂತ ಗಳಿಕೆ ಕಳೆದುಕೊಂಡು ಬೆಂಗಳೂರಿನ ಅನುದಾನದ ದಾರಿ ಕಾಯುವಂತಾಯಿತು. ಆ ಅವಲಂಬನೆ ಇಂದಿಗೂ ತಪ್ಪಿಲ್ಲ. ಮಹಾರಾಷ್ಟ್ರ ಆಕ್ಟ್ರಾಯನ್ನು ಇಷ್ಟು ಬೇಗ ಬಿಡಲಿಲ್ಲ. ಹುಬ್ಬಳ್ಳಿಯ ಲಾರಿಗಳು ಮುಂಬಯಿಯ ನಾಕಾಗಳಲ್ಲಿ 2017ರವರೆಗೂ ನಿಂತವು. ಆ ವರ್ಷದ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ಪ್ರವೇಶ ತೆರಿಗೆ, ಆಕ್ಟ್ರಾಯ್, ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್ ಎಲ್ಲವೂ ಹೋದವು.

ನಾಕಾದ ಕಥೆ ಹೀಗಾದರೆ, ಮನೆಬಾಗಿಲಿಗೆ ಸುಂಕ ತಂದದ್ದು ಅಂಚೆ. 1877ರಲ್ಲಿ ವಿ.ಪಿ.ಪಿ. ಪದ್ಧತಿ ಶುರುವಾದಾಗ ಅಂಚೆಯವನು ಹಣ ಎಣಿಸಿಕೊಂಡು ಪಾರ್ಸಲ್ ಕೊಡುವುದು ರೂಢಿಗೆ ಬಂತು. 1878ರ ಸಮುದ್ರ ಸುಂಕ ಕಾಯ್ದೆಯ ಕಾಲದಿಂದ ವಿದೇಶಿ ಪಾರ್ಸಲ್ಲಿನ ಲೆಕ್ಕವೂ ಇದೇ ಜಾಡು ಹಿಡಿಯಿತು: ಸುಂಕ ನಿಗದಿಯಾಗುವುದು ಬಂದರಿನಲ್ಲಿ, ಹಣ ಕೊಡುವುದು ಧಾರವಾಡದ ಜಗಲಿಯ ಮೇಲೆ. 1830ರ ದಶಕದಲ್ಲೇ ಧಾರವಾಡ, ಹುಬ್ಬಳ್ಳಿಗಳಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ, ಯುರೋಪಿನಿಂದ ಔಷಧವನ್ನೋ ಉಪಕರಣವನ್ನೋ ತರಿಸುವವರಿಗೆ ಪೆಟ್ಟಿಗೆ ಬಂದಾಗ ಒಟ್ಟು ಎಷ್ಟು ತೆರಬೇಕೆಂಬುದು ತಿಳಿಯುತ್ತಿದ್ದುದು ಆಗಲೇ. ಬೇಡವೆಂದರೆ ಪಾರ್ಸಲ್ ಹಿಂದಕ್ಕೆ. ನಾಕಾದ ಕಾರಕೂನನೊಂದಿಗೆ ವಾದಕ್ಕಾದರೂ ಇಳಿಯಬಹುದಿತ್ತು. ಅಂಚೆಯವನಿಗೆ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚೇನೂ ಗೊತ್ತಿರುತ್ತಿರಲಿಲ್ಲ.

1947ರಿಂದ 1991ರವರೆಗೆ ಈ ಸಮಸ್ಯೆಯೇ ಅಪರೂಪ, ಯಾಕೆಂದರೆ ಸಾಮಾನ್ಯರು ವಿದೇಶದಿಂದ ತರಿಸುವುದೇ ಅಪರೂಪ. ಫಾರಿನ್ ಮಾಲು ಬರುತ್ತಿದ್ದುದು ಕೊಲ್ಲಿ ದೇಶಗಳಿಂದ, ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ. ಹುಬ್ಬಳ್ಳಿಯ ವಿಮಾನ ನಿಲ್ದಾಣದ್ದು ದೇಶದೊಳಗಿನ ಹಾರಾಟವಾದ್ದರಿಂದ ಅಂಥ ಸೂಟ್‌ಕೇಸಿನ ತಪಾಸಣೆ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಗೋವಾದಲ್ಲೋ ಮುಗಿಯುತ್ತದೆ. ಉದಾರೀಕರಣದ ಹೊತ್ತಿಗೆ ಗರಿಷ್ಠ ಆಮದು ಸುಂಕ ಶೇ. 150ಕ್ಕೆ ಇಳಿದು, ಮುಂದಿನ ಒಂದೂವರೆ ದಶಕದಲ್ಲಿ ಕೃಷಿಯೇತರ ಸರಕಿಗೆ ಶೇ. 10ರ ಆಸುಪಾಸಿಗೆ ಬಂತು. ಅಂತರಜಾಲದ ಅಂಗಡಿಗಳು ಬಂದದ್ದು ಆಮೇಲೆ. ವಿದೇಶಿ ಅಂಗಡಿಯ ಬೆಲೆ ಪರದೆಯ ಮೇಲೆ ಕಂಡಿತು, ಸುಂಕ ಕಾಣಲಿಲ್ಲ.

ಕಾಣದ ಈ ಲೆಕ್ಕ ಹೀಗೆ ನಡೆಯುತ್ತದೆ. ಧಾರವಾಡದ ಒಬ್ಬರು 10,000 ರೂಪಾಯಿ ಬೆಲೆಯ ವಸ್ತು ತರಿಸಿದರು, ವಿಮಾನದ ಸಾಗಣೆಗೆ 2,000 ಕೊಟ್ಟರು ಎನ್ನಿ. ಸುಂಕ ಬೀಳುವುದು 10,000ದ ಮೇಲಲ್ಲ. ಸಾಗಣೆ ವೆಚ್ಚವೂ ವಿಮೆಯೂ ಸೇರಿದ ಬೆಲೆಯ ಮೇಲೆ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ವಸ್ತುವಿನ ಬೆಲೆಯ ಶೇ. 1.125 ಎಂದು ನಿಯಮವೇ ಹಿಡಿಯುತ್ತದೆ. ಅಲ್ಲಿಗೆ 12,112 ರೂಪಾಯಿ 50 ಪೈಸೆ. ಆ ವಸ್ತುವಿಗೆ ಮೂಲ ಸುಂಕ ಶೇ. 20 ಇದ್ದರೆ 2,422.50. ಅದರ ಹತ್ತರಲ್ಲಿ ಒಂದು ಪಾಲು, 2018ರಲ್ಲಿ ಬಂದ ಸಮಾಜ ಕಲ್ಯಾಣ ಮೇಲ್ತೆರಿಗೆ, 242.25. ಇವೆಲ್ಲವೂ ಕೂಡಿದ ಮೊತ್ತದ ಮೇಲೆ ಶೇ. 18ರ ಐಜಿಎಸ್‌ಟಿ, ಸುಮಾರು 2,660. ಒಟ್ಟು ತೆರಿಗೆ 5,325ರ ಹತ್ತಿರ. ಕೊಳ್ಳುವವರು ಶೇ. 20 ಎಂದು ಓದಿಕೊಂಡಿದ್ದರೂ ತೆತ್ತದ್ದು ವಸ್ತುವಿನ ಬೆಲೆಯ ಅರ್ಧಕ್ಕಿಂತ ಹೆಚ್ಚು. ಕೊರಿಯರಿಗೆ ಕೊಟ್ಟ ಹಣಕ್ಕೂ ಸುಂಕ, ಸುಂಕಕ್ಕೂ ತೆರಿಗೆ.

ಇದರ ಮೇಲೆ ಕೊರಿಯರ್ ಕಂಪನಿಯ ಪಾಲು. ಸುಂಕವನ್ನು ಅದು ಮೊದಲು ತಾನೇ ಕಟ್ಟಿ ಪೆಟ್ಟಿಗೆ ಬಿಡಿಸಿಕೊಳ್ಳುತ್ತದೆ, ಆಮೇಲೆ ಗಿರಾಕಿಯಿಂದ ವಸೂಲು ಮಾಡುವಾಗ ಮುಂಗಡ ಕಟ್ಟಿದ್ದಕ್ಕೆ ಶುಲ್ಕ ಸೇರಿಸುತ್ತದೆ. ಆ ಶುಲ್ಕಕ್ಕೆ ಮತ್ತೆ ಜಿಎಸ್‌ಟಿ. ಸಣ್ಣ ಪಾರ್ಸಲ್ಲುಗಳಲ್ಲಿ ಈ ಶುಲ್ಕ ಕೆಲವೊಮ್ಮೆ ಸುಂಕವನ್ನೇ ಮೀರುವುದುಂಟು. ಸುಂಕಕ್ಕೆ ಸರಕಾರದ ದರಪಟ್ಟಿ ಇದೆ. ಈ ಶುಲ್ಕ ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಜಕಾತಿ ಗುತ್ತಿಗೆದಾರನ ಜಾಗದಲ್ಲಿ ಇಂದು ನಿಂತಿರುವುದು ಸುಂಕದ ಅಧಿಕಾರಿಯಲ್ಲ, ಈ ಮಧ್ಯವರ್ತಿ.

ಉಡುಗೊರೆ ಎಂದು ಬರೆದು ಕಳುಹಿಸಿದರೆ ಸುಂಕವಿಲ್ಲ ಎಂಬ ನಂಬಿಕೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಇನ್ನೂ ಇದೆ. ಒಂದು ಮಿತಿಯವರೆಗೆ ಅದು ನಿಜವೂ ಆಗಿತ್ತು. ವಿದೇಶಿ ಮಾರಾಟ ತಾಣಗಳು ವ್ಯಾಪಾರದ ಮಾಲನ್ನೇ ಉಡುಗೊರೆಯ ಹೆಸರಲ್ಲಿ ಕಳುಹಿಸತೊಡಗಿದ್ದರಿಂದ 2019ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆ ರಿಯಾಯಿತಿಯನ್ನು ನಿಲ್ಲಿಸಿತು. ವಿನಾಯಿತಿ ಉಳಿದದ್ದು ಎರಡಕ್ಕೆ: ಜೀವರಕ್ಷಕ ಔಷಧ ಮತ್ತು ರಾಖಿ. ರಾಖಿಯ ಜೊತೆಗಿನ ಉಡುಗೊರೆಗೆ ಅದೂ ಇಲ್ಲ. ಕೊಂಬಿಲ್ಲದ ಎತ್ತಿನ ಸಾಲಿಗೆ ಸೇರುವ ವಿನಾಯಿತಿ ಇದು. ಅದೇ ವರ್ಷ ಆಮದಾಗುವ ಮುದ್ರಿತ ಪುಸ್ತಕಕ್ಕೂ ಶೇ. 5ರ ಸುಂಕ ಬಿತ್ತು. ಓದು, ಬರಹ, ವಿಶ್ವವಿದ್ಯಾಲಯಗಳಿಂದಲೇ ಹೆಸರಾದ ಧಾರವಾಡದಂಥ ಊರಿಗೆ ಇದು ದೊಡ್ಡ ಮೊತ್ತವಲ್ಲದಿದ್ದರೂ ಒಳ್ಳೆಯ ತೀರ್ಮಾನವೂ ಅಲ್ಲ.

ಈಚೆಗೆ ಸುಂಕದ ಬಿಸಿ ಎದುರು ದಿಕ್ಕಿನಲ್ಲೂ ತಟ್ಟಿತು. ಅಮೆರಿಕದಲ್ಲಿ 2016ರಿಂದ 800 ಡಾಲರಿನವರೆಗಿನ ಪಾರ್ಸಲ್ಲಿಗೆ ಸುಂಕವಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ಮನೆಗಳಿಂದ ಚಟ್ನಿಪುಡಿ, ಇಳಕಲ್ ಸೀರೆ, ಹಬ್ಬದ ಉಂಡಿ ಅಲ್ಲಿರುವ ಮಕ್ಕಳಿಗೆ ಹೋಗುತ್ತಿದ್ದದ್ದು ಈ ರಿಯಾಯಿತಿಯಲ್ಲೇ. 2025ರ ಆಗಸ್ಟ್ 29ರಿಂದ ಅಮೆರಿಕ ಅದನ್ನು ರದ್ದುಮಾಡಿತು. ಸುಂಕ ಯಾರು, ಹೇಗೆ ಕಟ್ಟಬೇಕೆಂಬುದು ಸ್ಪಷ್ಟವಾಗದೆ ಭಾರತೀಯ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ, ಪತ್ರಗಳನ್ನೂ 100 ಡಾಲರಿನೊಳಗಿನ ಉಡುಗೊರೆಗಳನ್ನೂ ಬಿಟ್ಟು, ಆ ದೇಶಕ್ಕೆ ಅಂಚೆ ಸ್ವೀಕರಿಸುವುದನ್ನು ನಿಲ್ಲಿಸಿತು. ಅಕ್ಟೋಬರ್ 15ರಂದು ಸೇವೆ ಮತ್ತೆ ಶುರುವಾದಾಗ ನಿಯಮ ಬದಲಾಗಿತ್ತು: ಘೋಷಿಸಿದ ಬೆಲೆಯ ಶೇ. 50ರಷ್ಟು ಅಮೆರಿಕದ ಸುಂಕವನ್ನು ಪಾರ್ಸಲ್ ಕಳುಹಿಸುವವರೇ ಇಲ್ಲಿನ ಅಂಚೆ ಕಚೇರಿಯ ಕೌಂಟರಿನಲ್ಲಿ, ಬುಕಿಂಗ್ ಮಾಡುವಾಗಲೇ, ರೂಪಾಯಿಯಲ್ಲಿ ಕಟ್ಟಬೇಕಾಯಿತು. ಪಡೆಯುವವರಿಂದ ಅಲ್ಲಿ ಮತ್ತೆ ಸುಂಕ ಕೇಳುತ್ತಿರಲಿಲ್ಲ.